ಮೂರನೇ ಸಲ ಕಾದ ಎಣ್ಣೆ

ಬಿಸಿ ಬೋಂಡಾ ಆರುವವರೆಗೆ ಚೆಲುವರಾಜು ಬಾಯಿ ಮುಚ್ಚಿಕೊಂಡು ಇದ್ದಿದ್ದರೆ ಆ ಭಾನುವಾರವೂ ಉಳಿದ ಭಾನುವಾರಗಳ ಹಾಗೆ ಸದ್ದಿಲ್ಲದೆ ಕಳೆದುಹೋಗುತ್ತಿತ್ತು.

ಚೆಲುವರಾಜುವಿಗೆ ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಒಂದು ಫೋಟೋ ಫ್ರೇಮಿನ ಅಂಗಡಿ. ದೇವರ ಪಟ, ಮದುವೆಯ ಫೋಟೋ, ತೀರಿಹೋದವರ ಫೋಟೋ, ಎಲ್ಲಕ್ಕೂ ಕಟ್ಟು ಹಾಕಿ ಗಾಜು ಕೂರಿಸುವುದು ಅವನ ಕಸುಬು. ಆದರೆ ಹೊಸಬರು ಯಾರಾದರೂ "ಏನ್ ಮಾಡ್ಕೊಂಡಿದ್ದೀರಿ?" ಎಂದು ಕೇಳಿದರೆ ಅಂಗಡಿಯ ಮಾತು ಬರುತ್ತಲೇ ಇರಲಿಲ್ಲ. "ಬೀದಿ ಸಂಘದ ಅಧ್ಯಕ್ಷ" ಎಂದು ಹೇಳಿ, ಕೇಳಿದವರು ಬೆರಗಾಗಲಿ ಎಂದು ಒಂದು ಗಳಿಗೆ ಸುಮ್ಮನಿರುತ್ತಿದ್ದ. ಅವರು ಬೆರಗಾಗದಿದ್ದರೆ ಇನ್ನೊಮ್ಮೆ ಹೇಳುತ್ತಿದ್ದ.

ಆ ಬೆಳಿಗ್ಗೆ ಲಿಂಗರಾಜುವಿನ ಹೋಟೆಲಿನ ಮುಂದೆ ನಿಂತು ಬೋಂಡಾದ ಮೇಲೆ ಚಟ್ನಿ ಸುರಿದುಕೊಳ್ಳುತ್ತಿದ್ದಾಗ ಅವನ ಮೂಗಿನ ಕೆಳಗೆ ಒಂದು ಮೈಕು ಬಂತು. ಮೈಕಿನ ಹಿಂದೆ ಪುನೀತ್. ಪುನೀತ್ ಒಂದು ಸುದ್ದಿ ಚಾನೆಲ್ ನಡೆಸುತ್ತಿದ್ದ. ಚಾನೆಲ್ ಎಂದರೆ ಅವನು, ಅವನ ಮೊಬೈಲು, ಈ ಮೈಕು.

"ಸಾರ್, ಪಾರ್ಲಿಮೆಂಟ್ ಸದಸ್ಯರಿಗೆ ಎರಡೇ ಅವಧಿ ಸಾಕು, ಆಮೇಲೆ ಮನೆಗೆ ಹೋಗ್ಲಿ, ಅಂಥ ಕಾನೂನು ಬರ್ಬೇಕು ಅಂತ ಕೆಲವರು ಹೇಳ್ತಾವ್ರೆ. ಅಧ್ಯಕ್ಷರಾಗಿ ನೀವೇನಂತೀರಾ?"

ಅಧ್ಯಕ್ಷರಾಗಿ ಎಂದದ್ದೇ ತಪ್ಪಾಯಿತು. ಆ ಪದ ಕೇಳಿದರೆ ಚೆಲುವರಾಜುವಿನ ಬೆನ್ನುಮೂಳೆ ತಾನಾಗಿ ನೆಟ್ಟಗಾಗುತ್ತಿತ್ತು. ಅವನು ಕೈಯಲ್ಲಿದ್ದ ಬೋಂಡಾವನ್ನು ಕ್ಯಾಮೆರಾದ ಮುಂದೆ ಹಿಡಿದ.

"ನೋಡಪ್ಪ, ಈ ಬೋಂಡಾ ಕರಿಯೋ ಎಣ್ಣೆ ಐತಲ್ಲ, ಒಂದ್ಸಲ ಕಾಯ್ಸಿದ್ರೆ ಘಮ ಅಂತದೆ. ಎರಡನೇ ಸಲ ಕಾಯ್ಸಿದ್ರೂ ಪರವಾಗಿಲ್ಲ, ತಿನ್ಬೋದು. ಮೂರನೇ ಸಲ ಕಾಯ್ಸಿದ್ರೆ ಅದು ಎಣ್ಣೆ ಅಲ್ಲ, ವಿಷ. ಎಂಪಿಗಳೂ ಅಷ್ಟೇ ಕಣಯ್ಯ! ಎರಡು ಸಲ ಗೆಲ್ಲಲಿ, ಸೇವೆ ಮಾಡ್ಲಿ. ಮೂರನೇ ಸಲಕ್ಕೆ ಚೆಲ್ಬುಟ್ಟು ಹೊಸ ಎಣ್ಣೆ ಹಾಕ್ಬೇಕು. ದೇಶದ ಆರೋಗ್ಯದ ಪ್ರಶ್ನೆ ಇದು!"

ಸುತ್ತ ನಿಂತಿದ್ದವರು ಚಪ್ಪಾಳೆ ತಟ್ಟಿದರು. ಇಡ್ಲಿ ತಿನ್ನುತ್ತಿದ್ದವರೊಬ್ಬರು ಎಡಗೈಯಿಂದ ಮೇಜು ಕುಟ್ಟಿದರು. ಚೆಲುವರಾಜು ಬೋಂಡಾ ಬಾಯಿಗಿಟ್ಟು, ದೇಶದ ಆರೋಗ್ಯ ಸುಧಾರಿಸಿದ ತೃಪ್ತಿಯಲ್ಲಿ ಅಗಿದ.

ಮನೆಗೆ ಬಂದು ಚಪ್ಪಲಿ ಬಿಡುವ ಹೊತ್ತಿಗೆ ಅವನ ಮಾತು ಅವನಿಗಿಂತ ಮೊದಲೇ ಮನೆಗೆ ಬಂದಿತ್ತು. ಹೆಂಡತಿ ದೇವಿರಮ್ಮನ ಮೊಬೈಲಿನಲ್ಲಿ ಬೋಂಡಾ ಹಿಡಿದ ಚೆಲುವರಾಜು ಗುಡುಗುತ್ತಿದ್ದ. ಸರಸ್ವತಿಪುರಂನಲ್ಲಿದ್ದ ಅವಳ ತಂಗಿ ಕಳಿಸಿದ್ದಳಂತೆ; ತಂಗಿಗೆ ಉದಯಗಿರಿಯ ಆಟೋದವರೊಬ್ಬರು ಕಳಿಸಿದ್ದರಂತೆ. ಯಾರೋ ಅದಕ್ಕೆ ಡೊಳ್ಳಿನ ಸದ್ದು ಸೇರಿಸಿದ್ದರು. ಅವನು "ವಿಷ" ಎನ್ನುತ್ತಲೇ ಡೊಳ್ಳು ಬಡಿಯುತ್ತಿತ್ತು.

ಮಧ್ಯಾಹ್ನದೊಳಗೆ ಬೀದಿಯೆಲ್ಲ ಅವನ ಮನೆಯ ಮುಂದಿತ್ತು. "ನಮ್ ಬೀದಿ ಮಾನ ಎತ್ತಿಬುಟ್ರಿ" ಎಂದು ಒಬ್ಬರು ಶಾಲು ತಂದು ಹೊದಿಸಿದರು. ಇನ್ನೊಬ್ಬರು "ಕುಂಬಾರಕೊಪ್ಪಲಿನ ಹೆಮ್ಮೆ" ಎಂಬ ಫ್ಲೆಕ್ಸಿಗೆ ಹೇಳಿಯಾಗಿದೆ, ಫೋಟೋ ಕೊಡಿ ಎಂದರು. ತನ್ನ ಫೋಟೋಗೆ ತಾನೇ ಕಟ್ಟು ಹಾಕುವ ಕಾಲ ಬದುಕಿರುವಾಗಲೇ ಬಂತಲ್ಲ ಎಂದು ಚೆಲುವರಾಜುವಿನ ಕಣ್ಣು ಒದ್ದೆಯಾಯಿತು.

ಆಗ ಜನರನ್ನು ಸೀಳಿಕೊಂಡು ಬಂದವನು ಹೋಟೆಲಿನ ಲಿಂಗರಾಜು. ಅವನ ಮುಖ ಬಾಂಡಲಿಯ ತಳದಷ್ಟು ಕಪ್ಪಾಗಿತ್ತು.

"ಏನ್ ಸಾರ್ ನಿಮ್ಗೆ ನಾನ್ ಮಾಡಿದ್ ದ್ರೋಹ? ವಿಡಿಯೋದಲ್ಲಿ ನನ್ ಹೋಟೆಲ್ ಬೋರ್ಡು ಪಳಪಳಾಂತ ಕಾಣ್ತದೆ. ಬರೋರೆಲ್ಲ 'ಇದು ಎಷ್ಟನೇ ಸಲದ ಎಣ್ಣೆ?' ಅಂತ ಕೇಳ್ತಾವ್ರೆ. ಒಬ್ಬ ಬಾಂಡಲಿಯೊಳ್ಗೆ ಬಗ್ಗಿ ನೋಡ್ದ. ಇನ್ನೊಬ್ಬ ಮೂಸ್ದ! ಮಾಡಿಟ್ಟ ಬೋಂಡಾ ಎಲ್ಲ ಅಂಗೇ ಬಿದ್ದವೆ!"

"ನಿನ್ ಎಣ್ಣೆ ಬಗ್ಗೆ ನಾನೆಲ್ಲಿ ಹೇಳ್ದೆ? ಅದು ಹೋಲಿಕೆ ಕಣೋ."

"ಹೋಲಿಕೆ ಕೊಡೋಕೆ ಪಕ್ಕದಲ್ಲಿ ಟೈರ್ ಅಂಗಡಿ ಇರ್ಲಿಲ್ವಾ?"

ಅವನನ್ನು ಸಮಾಧಾನ ಮಾಡುವಷ್ಟರಲ್ಲಿ ಎದುರು ಮನೆಯ ಶಾಮಣ್ಣ ಬಂದರು. ಶಾಮಣ್ಣ ಸಿಟಿ ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಬಸ್ಸಿನಲ್ಲಿ ಟಿಕೆಟ್ ಇಲ್ಲದವರನ್ನು ಹುಡುಕಿ ಹುಡುಕಿ ಅವರಿಗೆ, ಯಾವ ಮಾತಿನಲ್ಲಿ ಎಲ್ಲಿ ತೂತಿದೆ ಎನ್ನುವುದು ದೂರದಿಂದಲೇ ಕಾಣುತ್ತಿತ್ತು.

"ಭಾಳ ಚೆನ್ನಾಗಿ ಮಾತಾಡಿದ್ದೀಯ ಚೆಲುವರಾಜು" ಎಂದರು ಅವರು. "ಒಂದೇ ಅನುಮಾನ. ನೀನು ಸಂಘದ ಅಧ್ಯಕ್ಷ ಆಗಿ ಇದು ಎಷ್ಟನೇ ಅವಧಿ?"

ಗುಂಪೆಲ್ಲ ಅವನತ್ತ ತಿರುಗಿತು. ಎಷ್ಟನೆಯದು ಎನ್ನುವುದು ಚೆಲುವರಾಜುವಿಗೇ ಮರೆತುಹೋಗಿತ್ತು. ಅವನು ಅಧ್ಯಕ್ಷನಾದಾಗ ಬೀದಿಯಲ್ಲಿ ನೆಟ್ಟ ಹೊಂಗೆಸಸಿಯ ನೆರಳಲ್ಲಿ ಈಗ ಎರಡು ಕಾರು ನಿಲ್ಲುತ್ತಿದ್ದವು.

"ಅದು ಬೇರೆ, ಇದು ಬೇರೆ ಶಾಮಣ್ಣೋರೇ. ಅವರದು ಅಧಿಕಾರ. ನಂದು ಸೇವೆ."

"ಓಹೋ. ಅವರೂ ಅಂಗೇ ಅಂತಾರೆ" ಎಂದು ಶಾಮಣ್ಣ ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡರು. "ಅದು ಇರ್ಲಿ. ಸಂಜೆ ಸಮುದಾಯ ಭವನಕ್ಕೆ ಯಾರು ಬರ್ತಾವ್ರೆ ಅನ್ನೋದು ನೆನಪೈತಾ?"

ಚೆಲುವರಾಜುವಿನ ಹೆಗಲ ಮೇಲಿದ್ದ ಶಾಲು ಜಾರಿತು.

ನೆನಪಿಲ್ಲದೆ ಏನು? ಕರೆದವನೇ ಅವನು. ಸಂಜೆ ಭವನದ ಮೇಲಂತಸ್ತಿನ ಗುದ್ದಲಿ ಪೂಜೆಗೆ ಬರುವವರು ಸಂಸದ ಮೃತ್ಯುಂಜಯ ಅವರು. ಐದು ಸಲ ಗೆದ್ದವರು. ಗೆದ್ದದ್ದೆಲ್ಲ ದೂರದ ಒಂದು ಜಿಲ್ಲೆಯಲ್ಲಿ. ಸೋತದ್ದು ಮಾತ್ರ ಕುಂಬಾರಕೊಪ್ಪಲಿನ ಇದೇ ಬೀದಿಯ ಮಂಜುಶ್ರೀ ಎಂಬಾಕೆಗೆ, ಅದೂ ಮೂವತ್ತು ವರ್ಷದ ಹಿಂದೆ ಮದುವೆಯ ಮಂಟಪದಲ್ಲಿ. ಹಾಗಾಗಿ ಅವರು ಬೀದಿಗೆ ಅಳಿಯ. ಬೀದಿಯ ಕೊನೆಗೆ ದೊಡ್ಡ ಮನೆಯನ್ನೂ ಕಟ್ಟಿಸಿದ್ದರು. ಅದರ ಬೀಗ ತೆರೆಯುತ್ತಿದ್ದದ್ದು ದಸರೆಗೆ ಮಾತ್ರ. ಆ ಅಳಿಯತನದ ಹಕ್ಕು ಹಿಡಿದು, ದೆಹಲಿಗೆ ಎರಡು ಸಲ, ಬೆಂಗಳೂರಿಗೆ ಲೆಕ್ಕವಿಲ್ಲದಷ್ಟು ಸಲ ಅಲೆದು, ಭವನದ ಮೇಲಂತಸ್ತಿಗೆ ಅನುದಾನ ಕೊಡಲು ಅವರನ್ನು ಒಪ್ಪಿಸಿದವನು ಚೆಲುವರಾಜುವೇ. ಭವನದ ಕೆಳಗಿನ ಸಭಾಂಗಣ ಕಟ್ಟಿ ಮುಗಿದು, ಮೇಲೆ ಕಂಬಗಳು ಕಬ್ಬಿಣದ ಕೂದಲು ಕೆದರಿಕೊಂಡು ವರ್ಷಗಟ್ಟಲೆಯಿಂದ ನಿಂತಿದ್ದವು. ಬೀದಿಯ ಹೆಣ್ಣುಮಕ್ಕಳ ಸೀಮಂತ, ನಾಮಕರಣ ಎಲ್ಲ ಅಲ್ಲೇ ಆಗುವುದು. ಊಟಕ್ಕೆ ಕೂರಲು ಜಾಗವಿಲ್ಲದೆ ಎಲೆಯನ್ನು ರಸ್ತೆಗೆ ಹಾಕಬೇಕಾಗುತ್ತಿತ್ತು.

ಮೈಕು ಕಂಡ ಗಳಿಗೆಯಲ್ಲಿ ಇದೆಲ್ಲ ಅವನ ತಲೆಯಿಂದ ಹಾರಿಹೋಗಿತ್ತು. ಈಗ ಒಟ್ಟಿಗೇ ವಾಪಸು ಬಂತು.

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಸಂಸದರ ಆಪ್ತ ಸಹಾಯಕ ವಿಶ್ವನಾಥ್. ಚೆಲುವರಾಜು ಗಡಿಬಿಡಿಯಲ್ಲಿ ಒತ್ತಿದ್ದು ಸ್ಪೀಕರನ್ನು. ಬೀದಿಯೆಲ್ಲ ಕೇಳಿಸಿಕೊಂಡಿತು.

"ಚೆಲುವರಾಜು ಅವರಾ? ಸಾಹೇಬ್ರು ನಿಮ್ಮ ವಿಡಿಯೋ ನೋಡಿದ್ರು."

"ಏ... ಏನಂದ್ರು ಸಾರ್?"

"ಏನೂ ಅನ್ಲಿಲ್ಲ. ಇನ್ನೊಂದ್ಸಲ ಹಾಕು ಅಂದ್ರು."

"ಆಮೇಲೆ?"

"ಆಮೇಲೆ ಮತ್ತೊಂದ್ಸಲ ಹಾಕು ಅಂದ್ರು. ನೋಡ್ಬುಟ್ಟು ಕಣ್ಮುಚ್ಕೊಂಡು ಕೂತ್ಕೊಂಡ್ರು. ಸಂಜೆ ವೇದಿಕೆ ಮೇಲೆ ಅವರ ಪಕ್ಕದ ಕುರ್ಚಿ ನಿಮ್ದೇ ಆಗಿರ್ಬೇಕಂತೆ. ತಪ್ಪಿಸ್ಕೋಬೇಡಿ."

ಫೋನು ಸತ್ತಿತು. ಶಾಲು ಹೊದಿಸಿದ್ದವರು ಮೆಲ್ಲಗೆ ಅದನ್ನು ಎತ್ತಿ ಮಡಿಚಿ ಕಂಕುಳಲ್ಲಿಟ್ಟುಕೊಂಡರು. ಫ್ಲೆಕ್ಸಿನವರು ಫೋನು ಮಾಡಿ "ನಿಲ್ಸಪ್ಪ, ನಿಲ್ಸು" ಎನ್ನುತ್ತಾ ಆಚೆ ಹೋದರು.

"ಹೋಯ್ತು" ಎಂದರು ಶಾಮಣ್ಣ. "ಭವನದ ಮೇಲಂತಸ್ತು ನಿನ್ ಬೋಂಡಾ ಜೊತೆ ಹೊಟ್ಟೆಗೆ ಹೋಯ್ತು ಕಣಯ್ಯ."

"ನನ್ ಮಗಳ ಮದ್ವೆ ಬರೋ ವರ್ಷ" ಎಂದು ಹೆಂಗಸೊಬ್ಬರು ಗೊಣಗಿದರು. "ಬೀಗರನ್ನ ಮತ್ತೆ ಚರಂಡಿ ಪಕ್ಕ ಕೂರ್ಸಿ ಉಣ್ಣಾಕಿಕ್ಬೇಕಾ?"

ಬೀದಿ ಅಲ್ಲೇ ನಿಂತು ತೀರ್ಮಾನ ಮಾಡಿತು. ಚೆಲುವರಾಜು ವೇದಿಕೆಯ ಮೇಲೆ ಎಲ್ಲರೆದುರು ಕ್ಷಮೆ ಕೇಳಬೇಕು. ಏನು ಹೇಳಬೇಕು ಎನ್ನುವುದನ್ನು ಹೇಳಿಕೊಡುವ ಹೊಣೆಯನ್ನು ಶಾಮಣ್ಣ ತಾವಾಗಿ ಹೊತ್ತರು.

"ನಾನು ಹೇಳಿದ್ದು ಕರಿಯೋ ಎಣ್ಣೆ ಅಲ್ಲ, ದೀಪದ ಎಣ್ಣೆ ಅಂತ ಶುರು ಮಾಡು. ದೀಪದ ಎಣ್ಣೆ ಎಷ್ಟು ಉರಿದ್ರೂ ಬೆಳಕೇ. ಸಾಹೇಬ್ರು ಉರೀತಾನೇ ಇರ್ಬೇಕು ಅನ್ನು."

"ಉರೀತಾನೇ ಇರ್ಬೇಕು ಅಂದ್ರೆ ಬೇರೆ ಅರ್ಥ ಬರಲ್ವಾ?"

"ಅರ್ಥದ ಮಾತು ಬೆಳಿಗ್ಗೆ ನೆನಪಿರ್ಲಿಲ್ಲ ನಿಂಗೆ!"

ಎಲ್ಲರೂ ಹೋದಮೇಲೆ ಚೆಲುವರಾಜು ಕನ್ನಡಿಯ ಮುಂದೆ ನಿಂತು ಕ್ಷಮೆ ಕೇಳುವುದನ್ನು ಅಭ್ಯಾಸ ಮಾಡಿದ. ಒಂದು ಸಲ ತೀರ ಅಳುಬುರುಕನ ಹಾಗೆ ಕೇಳಿಸಿತು. ಇನ್ನೊಂದು ಸಲ ಸಾಲ ಕೇಳಿದ ಹಾಗಿತ್ತು. ದೇವಿರಮ್ಮ ಬಾಗಿಲಿಗೆ ಒರಗಿ ಹುರುಳಿಕಾಯಿಯ ನಾರು ತೆಗೆಯುತ್ತಾ ನೋಡುತ್ತಿದ್ದಳು.

"ಏನ್ರೀ ಅದು, ಕನ್ನಡಿಗೆ ಕೈ ಮುಗೀತಿದ್ದೀರಿ?"

"ಕ್ಷಮೆ ಕೇಳ್ಬೇಕಲ್ಲ ಮಾರಾಯ್ತಿ."

"ಯಾತಕ್ಕೆ?"

"ಬೆಳಿಗ್ಗೆ ಆಡಿದ ಮಾತಿಗೆ."

ದೇವಿರಮ್ಮ ಹುರುಳಿಕಾಯಿ ಕೆಳಗಿಟ್ಟಳು. "ಮದ್ವೆ ಆದಾಗ್ನಿಂದ ನಿಮ್ ಮಾತು ಕೇಳ್ಕೊಂಡ್ ಬಂದಿದ್ದೀನಿ. ಸಂಘದ ಬಗ್ಗೆ, ಬೋರ್ಡಿನ ಬಗ್ಗೆ, ಮೋರಿ ಬಗ್ಗೆ. ಅದ್ರಲ್ಲಿ ಮನ್ಸಿಗೆ ಹಿಡ್ಸಿದ್ ಮಾತು ಅಂದ್ರೆ ಇದೊಂದೇ. ವಿಡಿಯೋ ನೋಡಿ ನನ್ ತಂಗಿ 'ಭಾವ ಎಂಥ ಧೈರ್ಯಸ್ತರು ಕಣಕ್ಕ' ಅಂದ್ಲು. ನಾನು 'ಊ ಕಣೇ' ಅಂದೆ. ಮೊದಲ್ನೇ ಸಲ ಅಂದೆ. ಅದನ್ನೂ ವಾಪಸ್ ತಗೋತೀರಾ?"

ಚೆಲುವರಾಜು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡ. ಗುಂಡಿ ಒಂದು ಮನೆ ತಪ್ಪಿತ್ತು. ದೇವಿರಮ್ಮ ಹತ್ತಿರ ಬಂದು ಎಲ್ಲ ಬಿಚ್ಚಿ ಮೊದಲಿನಿಂದ ಹಾಕಿದಳು.

ಭವನದ ಮುಂದೆ ಶಾಮಿಯಾನ, ಕುರ್ಚಿ, ವಾಲಗ. ಮೇಲಂತಸ್ತಿಗೆ ಗುದ್ದಲಿ ಎಲ್ಲಿ ಹಾಕುವುದು ಎಂದು ಪುರೋಹಿತರಿಗೂ ಗೊತ್ತಿರಲಿಲ್ಲ. ಕೊನೆಗೆ ಅಂಗಳದ ಮೂಲೆಯಲ್ಲಿ ಒಂದು ಬುಟ್ಟಿ ಮಣ್ಣು ಸುರಿದು ಅರಿಸಿನ ಕುಂಕುಮ ಹಚ್ಚಿಟ್ಟಿದ್ದರು. ಸಂಸದರಿಗೆ ಹಾಕಬೇಕಾದ ಭಾರೀ ಸೇಬಿನ ಹಾರವನ್ನು ಹಿಡಿದು ಚೆಲುವರಾಜು ಮುಂದೆ ನಿಂತ. ಕಾರು ಬಂದ ಸದ್ದಿಗೆ ವಾಲಗದವರು ಗಟ್ಟಿಮೇಳ ಬಾರಿಸಿಯೇಬಿಟ್ಟರು. ಆ ಸದ್ದಿಗೆ ಬೆಚ್ಚಿ ಅವನು ಹಾರ ಹಿಡಿದ ಕೈಯನ್ನು ಮೇಲೆತ್ತಿದ; ಹಾರ ಹಿಂದಕ್ಕೆ ಜಾರಿ ನೇರ ಅವನ ಕೊರಳಿಗೇ ಬಿತ್ತು. ಕಾರಿಳಿದ ಸಂಸದರ ಮುಂದೆ, ಐದು ಕೆಜಿ ಸೇಬು ಧರಿಸಿದ ಚೆಲುವರಾಜು ಮದುವೆಗಂಡಿನ ಹಾಗೆ ನಿಂತಿದ್ದ.

"ಇದೂ ನಿಂದೇನಾ?" ಎಂದು ಶಾಮಣ್ಣ ಹಿಂದಿನಿಂದ ಹಲ್ಲು ಕಡಿದರು.

ಮೃತ್ಯುಂಜಯ ಅವರು ನಕ್ಕರೋ ಇಲ್ಲವೋ ಗೊತ್ತಾಗಲಿಲ್ಲ. ಐದು ಚುನಾವಣೆಯಲ್ಲಿ ಪಳಗಿದ ಮುಖ ಅದು. ಒಳಗೆ ಏನು ನಡೆದರೂ ಹೊರಗೆ ಬಿಳಿ ಮೀಸೆ ಮಾತ್ರ ಕಾಣುತ್ತಿತ್ತು. "ಇರ್ಲಿ, ನಿಮ್ಗೇ ಒಪ್ಪುತ್ತೆ, ತೆಗೀಬೇಡಿ" ಎಂದು ಹೇಳಿ ವೇದಿಕೆ ಹತ್ತಿದರು.

ಗುದ್ದಲಿ ಬುಟ್ಟಿಯ ಮಣ್ಣಿಗೆ ಬಿತ್ತು. ದೀಪ ಹತ್ತಿತು. ಸ್ವಾಗತ ಭಾಷಣಕ್ಕೆ ಚೆಲುವರಾಜುವಿನ ಹೆಸರು ಕೂಗಿದರು. ಅವನು ಎದ್ದು ಮೈಕಿನ ಮುಂದೆ ನಿಂತ. ಮುಂದಿನ ಸಾಲಿನಲ್ಲಿ ಪುನೀತ್ ಮೊಬೈಲು ಹಿಡಿದಿದ್ದ. ಶಾಮಣ್ಣ ತುಟಿಯಲ್ಲೇ "ದೀಪದ ಎಣ್ಣೆ, ದೀಪದ ಎಣ್ಣೆ" ಎನ್ನುತ್ತಿದ್ದರು.

"ಮಾನ್ಯ ಸಂಸದರೇ" ಎಂದ ಚೆಲುವರಾಜು. "ಇವತ್ತು ಬೆಳಿಗ್ಗೆ ನಾನೊಂದು ಮಾತಾಡಿದ್ದೆ. ಆ ಮಾತಿಗೆ ನಾನು..."

ಅವನ ಕಣ್ಣು ಹೆಂಗಸರ ಸಾಲಿನತ್ತ ಹೋಯಿತು. ದೇವಿರಮ್ಮ ರೇಷ್ಮೆ ಸೀರೆ ಉಟ್ಟುಕೊಂಡು ಬಂದಿದ್ದಳು. ಮದುವೆಮನೆಗೆ ಬಿಟ್ಟರೆ ಅದನ್ನು ಅವಳು ಪೆಟ್ಟಿಗೆಯಿಂದ ತೆಗೆಯುತ್ತಿರಲಿಲ್ಲ. ಅವಳು ಪಕ್ಕದವರಿಗೆ ಏನೋ ಹೇಳಿ, ವೇದಿಕೆಯ ಕಡೆ ಕೈ ತೋರಿಸಿ, ತಲೆಯೆತ್ತಿ ಕೂತಳು.

"ಆ ಮಾತಿಗೆ ನಾನು ಈಗ್ಲೂ ಬದ್ಧ!"

ಶಾಮಣ್ಣನವರ ತುಟಿ ತೆರೆದದ್ದು ತೆರೆದೇ ಉಳಿಯಿತು.

ಒಂದು ಸಲ ಬಾಯಿ ಬಿಟ್ಟಮೇಲೆ ಚೆಲುವರಾಜುವಿಗೆ ಹೆದರಿಕೆ ಎಲ್ಲಿ ಹೋಯಿತೋ ತಿಳಿಯಲಿಲ್ಲ. "ಸಾಹೇಬ್ರೇ, ನೀವು ನಮ್ ಬೀದಿ ಅಳಿಯಂದ್ರು. ನಿಮ್ ಮೇಲೆ ನಂಗೆ ಸಿಟ್ಟಿಲ್ಲ. ಕೆಲ್ಸ ಮಾಡಿದ್ದೀರಿ. ಆದ್ರೆ ಒಬ್ಬರೇ ಐದು ಸಲ ಆ ಕುರ್ಚೀಲಿ ಕೂತ್ರೆ, ಆ ಕುರ್ಚೀಲಿ ಕೂರ್ಬೋದಾಗಿದ್ದ ಇನ್ನೂ ಮೂರು ಜನ ಮನೆ ಜಗಲೀಲೇ ಮುದುಕರಾಗ್ತಾರೆ. ಅವರ್ಯಾರು ಅಂತ್ಲೂ ನಮ್ಗೆ ಗೊತ್ತಾಗಲ್ಲ. ಎರಡೇ ಅವಧಿ ಅಂತ ಕಾನೂನು ಬಂದ್ರೆ, ನಮ್ಮಂಥೋರ ಮಕ್ಳೂ ಒಂದಿನ ದಿಲ್ಲಿಗೆ ಹೋಗ್ಬೋದೇನೋ ಅನ್ನೋ ಆಸೆ. ಅನುದಾನ ಕೊಡಿ, ಬಿಡಿ, ಅದು ನಿಮ್ ದೊಡ್ಡತನ. ನಾನು ಹೇಳೋದನ್ನ ಹೇಳಿದ್ದೀನಿ."

ಜನರ ನಡುವಿನಿಂದ ಶಾಮಣ್ಣನವರ ಹಳೆಯ ಕಂಡಕ್ಟರ್ ಗಂಟಲು ಎದ್ದಿತು. "ಹಂಗಾದ್ರೆ ನಿನ್ ಅಧ್ಯಕ್ಷಗಿರಿ ಕತೆ ಏನಪ್ಪ?"

ಸಾಮಾನ್ಯ ದಿನವಾಗಿದ್ದರೆ ಚೆಲುವರಾಜು ನುಣುಚಿಕೊಳ್ಳುತ್ತಿದ್ದ. ಆದರೆ ಈಗ ಅವನ ಎದೆ ಸೇಬಿನ ಹಾರಕ್ಕಿಂತ ಮುಂದೆ ಬಂದಿತ್ತು. "ನ್ಯಾಯ ಎಲ್ರಿಗೂ ಒಂದೇ! ಈ ಕ್ಷಣವೇ, ಈ ವೇದಿಕೆ ಮೇಲೇ, ಅಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ ಕೊಡ್ತಿದ್ದೀನಿ!"

ಹೇಳಿ ಅವನು ಒಂದು ಗಳಿಗೆ ಕಾದ. ಕಾಯಲು ಕಾರಣವಿತ್ತು. ಪ್ರತಿ ವರ್ಷದ ಸಭೆಯಲ್ಲೂ ಅವನು "ಈ ಸಲ ಬೇರೆಯವರು ಆಗ್ಲಿ" ಎನ್ನುತ್ತಿದ್ದ, "ನೀವೇ ಇರಿ, ನೀವೇ ಇರಿ" ಎಂದು ಜನ ಕೂಗುತ್ತಿದ್ದರು. ಏಕೆಂದರೆ ಬೀದಿಗೆ ನೀರು ಬಿಡುವ ವಾಲ್ವು ತಿರುಗಿಸುವುದು ಅಧ್ಯಕ್ಷನ ಕೆಲಸ. ಗುಂಡಿಗೆ ಇಳಿದು, ಕೆಸರಲ್ಲಿ ಕೈ ಹಾಕಿ, ತುಕ್ಕು ಹಿಡಿದ ಕಬ್ಬಿಣವನ್ನು ತಿರುಗಿಸಲು ಇನ್ನು ಯಾರೂ ತಯಾರಿರಲಿಲ್ಲ.

ಈ ಸಲ ಯಾರೂ "ನೀವೇ ಇರಿ" ಎನ್ನಲಿಲ್ಲ. ಚಪ್ಪಾಳೆ ಹೊಡೆದರು. ಎದ್ದು ನಿಂತು ಹೊಡೆದರು. ಶಿಳ್ಳೆ ಕೂಡ ಬಿತ್ತು. ಅಷ್ಟೊಂದು ಚಪ್ಪಾಳೆಯಲ್ಲಿ ರಾಜೀನಾಮೆ ವಾಪಸು ಪಡೆಯಲು ಜಾಗವೇ ಇರಲಿಲ್ಲ.

ಮೃತ್ಯುಂಜಯ ಅವರು ಮೆಲ್ಲಗೆ ಎದ್ದರು. ಚಪ್ಪಾಳೆ ನಿಂತಿತು. ಅವರು ನಡೆದು ಬಂದು ಚೆಲುವರಾಜುವಿನ ಎರಡೂ ಹೆಗಲು ಹಿಡಿದರು. ಹೊಡೆದೇಬಿಡುತ್ತಾರೆ ಎಂದು ಅವನು ಕಣ್ಣು ಮುಚ್ಚಿದ. ಸಂಸದರು ಅವನನ್ನು ಬಿಗಿಯಾಗಿ ಅಪ್ಪಿಕೊಂಡರು. ನಡುವೆ ಸಿಕ್ಕ ಒಂದೆರಡು ಸೇಬು ಜಜ್ಜಿಹೋದವು.

"ಬಂಧುಗಳೇ" ಎಂದರು ಅವರು, ದನಿ ತುಂಬಿ. "ಮೂವತ್ತು ವರ್ಷದ ರಾಜಕೀಯದಲ್ಲಿ ನನ್ನ ಮುಖಕ್ಕೆ ನಿಜ ಹೇಳಿದವರು ಇಬ್ಬರೇ. ಒಬ್ಬರು ನನ್ನ ಹೆಂಡತಿ. ಇನ್ನೊಬ್ಬರು ಈ ಚೆಲುವರಾಜು. ಇವರ ಮಾತು ನನ್ನ ಕಣ್ಣು ತೆರೆಸಿತು. ಮುಂದಿನ ಚುನಾವಣೆಗೆ ನಾನು ನಿಲ್ಲೋದಿಲ್ಲ! ನಿಮ್ಮ ಭವನದ ಅನುದಾನಕ್ಕೆ ಸಹಿ ಹಾಕಿಯೇ ಬಂದಿದ್ದೀನಿ."

ಶಾಮಿಯಾನ ಹಾರಿಹೋಗುವಷ್ಟು ಗದ್ದಲವೆದ್ದಿತು. ವಾಲಗದವರು ಯಾರೂ ಹೇಳದೆ ಬಾರಿಸಿದರು. ಲಿಂಗರಾಜು ಓಡಿ ಬಂದು ಚೆಲುವರಾಜುವನ್ನು ಹೆಗಲ ಮೇಲೆ ಎತ್ತಿಕೊಂಡ. "ನನ್ ಹೋಟೆಲ್ ಮುಂದೆ ಆಡಿದ್ ಮಾತು ಕಣ್ರೋ ಅದು! ನನ್ ಬೋಂಡಾ ಹಿಡ್ಕೊಂಡು ಆಡಿದ್ದು!" ಎಂದು ಕೂಗಿದ. ಹೆಗಲ ಮೇಲಿನಿಂದ ಚೆಲುವರಾಜು ನೋಡಿದ. ದೇವಿರಮ್ಮ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಫ್ರೇಮ್ ಅಂಗಡಿಯ ಒಬ್ಬ ಮನುಷ್ಯ, ಒಂದು ಬೆಳಗಿನ ಮಾತಿನಿಂದ, ಐದು ಸಲ ಗೆದ್ದವರನ್ನು ಕುರ್ಚಿಯಿಂದ ಇಳಿಸಿದ್ದ. ಇಷ್ಟು ಎತ್ತರದಿಂದ ತನ್ನ ಬೀದಿಯನ್ನು ಅವನು ಎಂದೂ ನೋಡಿರಲಿಲ್ಲ.

ಕೆಳಗಿಳಿದಾಗ ವಿಶ್ವನಾಥ್ ಅವನ ಕೈ ಕುಲುಕಿ ಕಿವಿಯ ಹತ್ತಿರ ಬಂದ. "ಭಾಳ ಉಪಕಾರ ಆಯ್ತು ಸಾರ್. ಹೋದ ವಾರವೇ ಪಾರ್ಟಿಯವರು ಈ ಸಲ ಟಿಕೆಟ್ ಇಲ್ಲ ಅಂದ್ಬುಟ್ಟಿದ್ರು. ಜನಕ್ಕೆ ಎಂಗಪ್ಪ ಹೇಳೋದು, ಮಾನ ಹೋಗ್ತದಲ್ಲ ಅಂತ ಸಾಹೇಬ್ರು ಊಟ ಬಿಟ್ಟಿದ್ರು. ನಿಮ್ ವಿಡಿಯೋ ನೋಡಿದ ಮೇಲೆ ಎರಡು ಮುದ್ದೆ ಉಂಡ್ರು."

ಚೆಲುವರಾಜುವಿನ ಮುಖದ ನಗು ಅಲ್ಲೇ ಇತ್ತು. ಅದನ್ನು ತೆಗೆಯಲು ಅವನಿಗೆ ಸಮಯ ಸಿಗಲಿಲ್ಲ. ಮೈಕಿನಲ್ಲಿ ಸಂಸದರು ಮತ್ತೆ ಮಾತಾಡತೊಡಗಿದ್ದರು.

"ಇನ್ನು ನಾನು ನಿಮ್ಮವನು. ದಿಲ್ಲಿ ಸಾಕು. ಬೀದಿ ಕೊನೆಯ ಮನೆಯ ಬೀಗ ಇವತ್ತೇ ತೆಗೆಸಿದ್ದೀನಿ, ಮಂಜುಶ್ರೀ ಸಾಮಾನು ಸಮೇತ ಬಂದಾಗಿದೆ. ಸೇವೆ ಮಾಡಿದ ಕೈ ಸುಮ್ಮನೆ ಕೂರೋದಿಲ್ಲ. ಈಗ ತಾನೇ ನಮ್ಮ ಸಂಘದಲ್ಲಿ ಒಂದು ಸ್ಥಾನ ಖಾಲಿಯಾಗಿದೆ ಅಂತ ಕೇಳಿದೆ..."

"ನೀವೇ ಆಗಿ!" ಎಂದು ಮೊದಲು ಕೂಗಿದವರು ಶಾಮಣ್ಣ. "ನೀವೇ ಆಗಿ! ನೀವೇ ಆಗಿ!" ಎಂದು ಇಡೀ ಬೀದಿ ದನಿಗೂಡಿಸಿತು. ಎಂಪಿಯೊಬ್ಬರು ಅಧ್ಯಕ್ಷರಾದ ಬೀದಿ ಮೈಸೂರಿನಲ್ಲಿ ಇನ್ನೆಲ್ಲಿದೆ? ಪಕ್ಕದ ಬೀದಿಯವರ ಮುಂದೆ ಹೇಗೆ ತಿರುಗಾಡಬಹುದು ಎನ್ನುವುದು ಆಗಲೇ ಎಲ್ಲರ ಮುಖದ ಮೇಲೆ ಕಾಣುತ್ತಿತ್ತು.

"ನಿಮ್ಮ ಪ್ರೀತಿಗೆ ತಲೆಬಾಗ್ತೀನಿ" ಎಂದರು ಮೃತ್ಯುಂಜಯ ಅವರು. "ಆದ್ರೆ ಚೆಲುವರಾಜು ಅವರ ತತ್ವಕ್ಕೆ ನಾನು ಬದ್ಧ. ಎರಡೇ ಎರಡು ಅವಧಿ. ಅದಕ್ಕಿಂತ ಒಂದು ದಿನವೂ ಇರೋದಿಲ್ಲ." ಚಪ್ಪಾಳೆ ಮುಗಿಯಲು ಬಿಟ್ಟು, ಮೀಸೆಯ ಮೇಲೆ ಬೆರಳಾಡಿಸಿದರು. "ಒಂದು ಅವಧಿ ಅಂದ್ರೆ ಎಷ್ಟು ವರ್ಷ ಅಂತ ಮಾತ್ರ ನಮ್ಮ ನಿಯಮದಲ್ಲಿ ಸ್ಪಷ್ಟ ಇಲ್ಲವಂತೆ. ಕೆಲಸ ಕಲಿಯೋಕೇ ಐದು ವರ್ಷ ಬೇಕು. ಹತ್ತು ವರ್ಷ ಅಂತ ಇಟ್ಕೊಳ್ಳೋಣ. ಅನುಮೋದನೆಯನ್ನ ಈ ತತ್ವದ ಪಿತಾಮಹರೇ ಮಾಡ್ಬೇಕು ಅನ್ನೋದು ನನ್ನ ಆಸೆ."

ಎಲ್ಲರೂ ತಿರುಗಿ ಚೆಲುವರಾಜುವನ್ನು ನೋಡಿದರು. ಪಿತಾಮಹ! ಇಷ್ಟು ದೊಡ್ಡ ಪದ ಅವನ ಪಾಲಿಗೆ ಇದೇ ಮೊದಲು ಬಂದದ್ದು. ಬೆನ್ನುಮೂಳೆ ನೆಟ್ಟಗಾಯಿತು. ಬೇಡ ಬೇಡ ಎಂದು ಒಳಗೆ ಯಾರೋ ಕೂಗುತ್ತಿದ್ದಂತೆಯೇ ಅವನ ಬಲಗೈ ಮೇಲೆದ್ದಿತು.

ಕಾರ್ಯಕ್ರಮ ಮುಗಿದು ಲಾಡು ಹಂಚಿದರು. ಗಂಡ ಹೆಂಡತಿ ಮನೆಯ ಕಡೆ ನಡೆದರು. ದಾರಿಯುದ್ದಕ್ಕೂ ಜನ ಎದ್ದು ನಿಂತು ನಮಸ್ಕಾರ ಹೇಳಿದರು. ಬೀದಿ ದೀಪಗಳು ಹತ್ತಿಕೊಳ್ಳುತ್ತಿದ್ದವು.

"ಇಪ್ಪತ್ತು ವರ್ಷ ಕಣೇ" ಎಂದ ಚೆಲುವರಾಜು, ದನಿ ಇಳಿಸಿ.

"ಇರ್ಲಿ ಬುಡಿ" ಎಂದಳು ದೇವಿರಮ್ಮ. "ಮೈಕಿನ ಮುಂದೆ ನಿಂತಾಗ ನಿಮ್ ಕೈ ನಡುಗ್ಲಿಲ್ಲ. ನಾನು ನೋಡ್ತಾನೇ ಇದ್ದೆ. ಅಷ್ಟು ಸಾಕು ನಂಗೆ. ಇನ್ನು ಆ ಗುಂಡಿಗೆ ಇಳಿಯೋ ಕರ್ಮನೂ ತಪ್ತು."

ಅದು ಅವನಿಗೆ ಹೊಳೆದೇ ಇರಲಿಲ್ಲ. ಹೌದಲ್ಲ! ವಾಲ್ವು ಇನ್ನು ಅಧ್ಯಕ್ಷರದು. ಕೊರಳಲ್ಲಿ ಉಳಿದಿದ್ದ ಸೇಬುಗಳಲ್ಲಿ ಒಂದನ್ನು ಕಿತ್ತು ಅವಳಿಗೆ ಕೊಟ್ಟು, ಇನ್ನೊಂದನ್ನು ತಾನು ಕಚ್ಚಿದ. ಎದೆ ಹಗುರಾಯಿತು.

ಆಗ ಹಿಂದಿನಿಂದ ವಿಶ್ವನಾಥ್ ಏದುಸಿರು ಬಿಡುತ್ತಾ ಓಡಿ ಬಂದ.

"ಸಾರ್, ಸಾರ್! ಹೊಸ ಅಧ್ಯಕ್ಷರು ಮೊದಲ್ನೇ ಆದೇಶ ಹೊರಡ್ಸಿದ್ದಾರೆ. ನಿಮ್ ಅನುಭವ ವ್ಯರ್ಥ ಆಗ್ಬಾರ್ದು ಅಂತ ನಿಮ್ಮನ್ನ ಸಂಘದ ಜಲ ಸಲಹೆಗಾರರಾಗಿ ನೇಮ್ಸಿದ್ದಾರೆ. ಎಲ್ರೂ ಒಪ್ಪಿ ಚಪ್ಪಾಳೆ ತಟ್ಟಿದ್ರು."

"ಜಲ ಸಲಹೆಗಾರ?" ಚೆಲುವರಾಜುವಿನ ಮುಖ ಅರಳಿತು. "ಎಷ್ಟು ಅವಧಿಗೆ?"

"ಈ ಒಂದು ಹುದ್ದೆಗೆ ಮಾತ್ರ ಅವಧಿ ಇಲ್ಲವಂತೆ ಸಾರ್. ಆಜೀವ." ವಿಶ್ವನಾಥ್ ಬೀದಿಯ ಕೊನೆಯ ದೊಡ್ಡ ಮನೆಯ ಕಡೆ ಕೈ ತೋರಿಸಿದ. "ಮೇಡಂ ಸ್ನಾನಕ್ಕೆ ಕಾಯ್ತಾವ್ರೆ. ಆ ಕಡೆಗೆ ನೀರು ಬಂದಿಲ್ಲ. ಒಂದ್ ನಿಮಿಷ ಗುಂಡಿಗೆ ಇಳಿದು ವಾಲ್ವು ತಿರುಗ್ಸಿ ಬಂದ್ಬುಡ್ತೀರಾ?"

ಚೆಲುವರಾಜು ಹೆಂಡತಿಯನ್ನು ನೋಡಿದ. ಬಿಳಿ ಅಂಗಿಯ ತೋಳು ಮಡಿಚಿದ. ಕೊರಳಿನ ಹಾರವನ್ನು ಮಾತ್ರ ತೆಗೆಯಲಿಲ್ಲ. ಎಲ್ಲರಿಗೂ ಕಾಣಲಿ ಎಂದು ಎದೆಯುಬ್ಬಿಸಿಕೊಂಡು, ಬೀದಿಯ ನಟ್ಟನಡುವೆ, ಗುಂಡಿಯ ಕಡೆ ನಡೆದ.